ಹತ್ತು ಉಗುರಿಗೆ ಮೂರು ಬ್ರಷ್ ಸಾಕು

ಈದ್ ಹತ್ತಿರ ಬಂತೆಂದರೆ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಟ್ಟೆ, ಬಳೆ, ಚಪ್ಪಲಿ, ಲೇಸು, ಮೆಹಂದಿ ಕೋನ್ ಎಲ್ಲ ಕೊಂಡಾದ ಮೇಲೂ ಹೆಣ್ಣುಮಕ್ಕಳು ಫ್ಯಾನ್ಸಿ ಅಂಗಡಿಯ ಮುಂದೆ ಒಮ್ಮೆ ನಿಂತೇ ನಿಲ್ಲುತ್ತಾರೆ. ಈಗ ಅವರ ಕಣ್ಣು ಬೀಳುವುದು ನೇಲ್ ಪಾಲಿಶ್ ಬಾಟಲಿಗಳ ಪಕ್ಕದಲ್ಲಿ ನೇತುಹಾಕಿದ ಬ್ರಷ್ ಸೆಟ್‌ಗಳ ಮೇಲೆ. ಪಾರದರ್ಶಕ ಪ್ಯಾಕೆಟ್‌ನಲ್ಲಿ ಸಾಲಾಗಿ ಜೋಡಿಸಿದ 15 ಪುಟ್ಟ ಬ್ರಷ್‌ಗಳು. ಬೆಲೆ ಸಾಮಾನ್ಯವಾಗಿ 100ರಿಂದ 200 ರೂಪಾಯಿಯೊಳಗೆ. “ಅಮ್ಮಿ, ಇದೊಂದು ಕೊಡಿಸಿ” ಎಂದು ಮಗಳು ಕೇಳಿದರೆ ನೀವು ಏನು ಹೇಳುತ್ತೀರಿ?

ಕೊಡಿಸಬಹುದು. ಆದರೆ ಹದಿನೈದು ಬೇಡ, ಮೂರು ಸಾಕು. ಕೊಡಿಸುವಾಗಲೇ ಒಂದು ಮಾತನ್ನೂ ಹೇಳಿಕೊಡಿ: ಉಗುರಿನ ಮೇಲೆ ಏನನ್ನೇ ಹಾಕಿದರೂ ಅದು ಉಗುರಿಗೆ ಹಾನಿಯಾಗದಂತೆ, ಸುಲಭವಾಗಿ ತೆಗೆಯಲು ಬರುವಂತಿರಬೇಕು. ಉಗುರಿನ ಆರೋಗ್ಯಕ್ಕೂ ಇದು ಬೇಕು, ವುಝೂವಿಗೂ ಬೇಕು.

ಮೊದಲು ವುಝೂವಿನ ಮಾತು

ಉಗುರು ಅಲಂಕಾರ ಕಲಿಸುವವರು ಹೆಚ್ಚಾಗಿ ಬಣ್ಣ ವಾರಗಟ್ಟಲೆ ಉಳಿಯುವುದು ಹೇಗೆ ಎಂದು ಹೇಳಿಕೊಡುತ್ತಾರೆ. ದಿನಕ್ಕೆ ಐದು ಬಾರಿ ವುಝೂ ಮಾಡುವ ಮನೆಯಲ್ಲಿ ಪ್ರಶ್ನೆ ಬೇರೆಯೇ. ನೇಲ್ ಪಾಲಿಶ್ ಉಗುರಿನ ಮೇಲೆ ಪದರವಾಗಿ ಕೂರುತ್ತದೆ, ನೀರು ಉಗುರನ್ನು ತಲುಪುವುದಿಲ್ಲ. ಆದ್ದರಿಂದ ವುಝೂವಿಗೆ ಮುಂಚೆ ಮತ್ತು ಕಡ್ಡಾಯ ಸ್ನಾನಕ್ಕೆ ಮುಂಚೆ ಅದನ್ನು ತೆಗೆಯಬೇಕು ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಹೇಳುವ ಮಾತು. ನೀರು ಒಳಗಿಳಿಯುತ್ತದೆ ಎಂದು ಬರೆದುಕೊಂಡ ಪಾಲಿಶ್‌ಗಳೂ ಮಾರುಕಟ್ಟೆಯಲ್ಲಿವೆ. ಅವುಗಳ ಬಗ್ಗೆ ಒಮ್ಮತವಿಲ್ಲ. ನೀವು ನೆಚ್ಚುವ ವಿದ್ವಾಂಸರನ್ನು ಕೇಳಿಕೊಳ್ಳಿ, ಬಾಟಲಿಯ ಮೇಲಿನ ಬರಹವನ್ನೇ ಫತ್ವಾ ಎಂದುಕೊಳ್ಳಬೇಡಿ.

ಇಲ್ಲಿ ಹುಡುಗಿಯರಿಗೆ ಎರಡು ತೊಂದರೆ ಎದುರಾಗುತ್ತದೆ. ಗಂಟೆಗಟ್ಟಲೆ ಕೂತು ಬಿಡಿಸಿದ ಚಿತ್ರವನ್ನು ಅಳಿಸಲು ಮನಸ್ಸು ಬಾರದೆ ನಮಾಝ್ ತಪ್ಪಿಸುವುದು ಒಂದು. ನಮಾಝ್ ತಪ್ಪಿಸದೆ ದಿನಕ್ಕೆ ಮೂರು ನಾಲ್ಕು ಬಾರಿ ರಿಮೂವರ್‌ನಿಂದ ಉಗುರು ಉಜ್ಜುವುದು ಇನ್ನೊಂದು. ರಿಮೂವರ್‌ನಲ್ಲಿರುವ ಅಸಿಟೋನ್ ಪಾಲಿಶ್ ಜೊತೆಗೆ ಉಗುರಿನ ಎಣ್ಣೆ ಅಂಶವನ್ನೂ ತೆಗೆದುಬಿಡುತ್ತದೆ. ಪದೇ ಪದೇ ಬಳಸಿದರೆ ಉಗುರು ಒಣಗಿ, ಬಿಳಿಚಿಕೊಂಡು, ತುದಿಯಲ್ಲಿ ಪದರ ಪದರವಾಗಿ ಏಳುತ್ತದೆ.

ಎರಡನ್ನೂ ತಪ್ಪಿಸುವ ದಾರಿಗಳಿವೆ. ನಮಾಝ್ ಇಲ್ಲದ ದಿನಗಳಲ್ಲಿ ಪಾಲಿಶ್ ಹಚ್ಚಿ, ಸ್ನಾನಕ್ಕೆ ಮುಂಚೆ ಒಮ್ಮೆ ತೆಗೆದರೆ ಉಗುರಿಗೆ ವಿಶ್ರಾಂತಿ ಸಿಗುತ್ತದೆ. ಅಭ್ಯಾಸವನ್ನು ಪ್ಲಾಸ್ಟಿಕ್ ಉಗುರುಗಳ ಮೇಲೆ ಮಾಡಬಹುದು. ಮೂರನೆಯ ದಾರಿ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ: ಮೆಹಂದಿ. ಅದು ಉಗುರಿಗೆ ಬಣ್ಣ ಕಟ್ಟುತ್ತದೆ, ಪದರ ಕಟ್ಟುವುದಿಲ್ಲ. ಅದೇ ಸಣ್ಣ ಬ್ರಷ್‌ನಿಂದ ಉಗುರಿನ ಮೇಲೆ ಮೆಹಂದಿಯಲ್ಲೇ ಚಿತ್ರ ಬಿಡಿಸಬಹುದು. ಅದರ ಕ್ರಮವನ್ನು ಮುಂದೆ ಹೇಳಿದೆ.

ಯಾವ ಮೂರು?

ಹದಿನೈದರ ಸೆಟ್‌ನಲ್ಲಿ ಬೀಸಣಿಗೆಯಂತೆ ಹರಡಿದ ಬ್ರಷ್, ಓರೆ ತುದಿಯ ಬ್ರಷ್, ಬೇರೆ ಬೇರೆ ಅಗಲದ ಚಪ್ಪಟೆ ಬ್ರಷ್‌ಗಳು, ಚುಕ್ಕಿ ಇಡುವ ಕಡ್ಡಿ ಎಲ್ಲ ಇರುತ್ತವೆ. ಹೊಸದಾಗಿ ಕಲಿಯುವವರಿಗೆ ಇವುಗಳಲ್ಲಿ ಬೇಕಾಗುವುದು ಮೂರು.

ಮೊದಲನೆಯದು ಲೈನರ್. ಕೂದಲು ಉದ್ದ, ತುದಿ ಸೂಜಿಯಂತೆ ತೆಳು. ಗೆರೆ, ಬಳ್ಳಿ, ಎಲೆ ಎಲ್ಲ ಇದರ ಕೆಲಸ. ಕೈ ನಡುಗುವವರು ತುಂಬ ಉದ್ದ ಕೂದಲಿನದನ್ನು ತೆಗೆದುಕೊಳ್ಳಬೇಡಿ. ಸುಮಾರು ಒಂದು ಸೆಂಟಿಮೀಟರ್ ಇದ್ದರೆ ಹಿಡಿತ ಸುಲಭ.

ಎರಡನೆಯದು ಚುಕ್ಕಿ ಕಡ್ಡಿ, ಅಂದರೆ ಡಾಟಿಂಗ್ ಟೂಲ್. ಇದರಲ್ಲಿ ಕೂದಲಿಲ್ಲ, ಎರಡೂ ತುದಿಯಲ್ಲಿ ಪುಟ್ಟ ಲೋಹದ ಗುಂಡು ಇರುತ್ತದೆ. ಇದಕ್ಕೆ ದುಡ್ಡು ಕೊಡಲೇಬೇಕೆಂದಿಲ್ಲ. ಶಾಯಿ ಮುಗಿದ ಬಾಲ್‌ಪೆನ್, ಹೇರ್‌ಪಿನ್‌ನ ಗುಂಡು ತುದಿ, ಹಲ್ಲುಕಡ್ಡಿ ಇವುಗಳಿಂದಲೂ ಚೆನ್ನಾದ ಚುಕ್ಕಿ ಬೀಳುತ್ತದೆ.

ಮೂರನೆಯದು ಸಣ್ಣ ಚಪ್ಪಟೆ ಬ್ರಷ್. ಇದು ಚಿತ್ರ ಬಿಡಿಸುವುದಕ್ಕಿಂತ ಹೆಚ್ಚಾಗಿ ಸರಿಪಡಿಸಲು ಬೇಕು. ಉಗುರಿನ ಅಂಚಿನಿಂದ ಚರ್ಮದ ಮೇಲೆ ಹರಿದ ಬಣ್ಣವನ್ನು ರಿಮೂವರ್‌ನಲ್ಲಿ ಅದ್ದಿದ ಚಪ್ಪಟೆ ಬ್ರಷ್‌ನಿಂದ ಒಮ್ಮೆ ಎಳೆದರೆ ಅಂಚು ನೇರವಾಗುತ್ತದೆ.

ಸೆಟ್ ಬೇಡವೆನಿಸಿದರೆ ಚಿತ್ರಕಲೆಯ ಸಾಮಗ್ರಿ ಮಾರುವ ಸ್ಟೇಷನರಿ ಅಂಗಡಿಗೆ ಹೋಗಿ. ಸೊನ್ನೆ ಅಥವಾ ಮೂರು ಸೊನ್ನೆ ಸಂಖ್ಯೆಯ ದುಂಡು ಬ್ರಷ್ ಒಂದನ್ನು ಬಿಡಿಯಾಗಿ ಕೊಂಡರೆ ಲೈನರ್‌ನ ಬಹುಪಾಲು ಕೆಲಸ ಆಗುತ್ತದೆ. ಸೊನ್ನೆಗಳು ಹೆಚ್ಚಿದಷ್ಟೂ ಬ್ರಷ್ ತೆಳುವಾಗುತ್ತದೆ.

ಕೂದಲು ಯಾವುದರದು?

ಇದು ನಮ್ಮ ಮನೆಯವರು ಕೇಳಲೇಬೇಕಾದ ಪ್ರಶ್ನೆ. ಬ್ರಷ್‌ಗಳಲ್ಲಿ ನೈಲಾನ್ ಎಳೆ ಇರಬಹುದು, ಪ್ರಾಣಿಯ ಕೂದಲೂ ಇರಬಹುದು. ಪಾರ್ಲರ್‌ಗಳಲ್ಲಿ ಬಳಸುವ ದುಬಾರಿ ‘ಕೊಲಿನ್ಸ್‌ಕಿ’ ಬ್ರಷ್ ಸೈಬೀರಿಯಾದ ಒಂದು ಬಗೆಯ ವೀಸಲ್ ಪ್ರಾಣಿಯ ಬಾಲದ ಕೂದಲಿನದು. ಗೋಡೆಗೆ, ಕ್ಯಾನ್ವಾಸಿಗೆ ಬಳಸುವ ಕೆಲವು ಗಡಸು ಬ್ರಷ್‌ಗಳು ಹಂದಿಯ ಕೂದಲಿನವು. ‘ಸಿಂಥೆಟಿಕ್’, ‘ನೈಲಾನ್’ ಅಥವಾ ‘ಟ್ಯಾಕ್ಲಾನ್’ ಎಂದು ಬರೆದದ್ದನ್ನು ಕೊಂಡರೆ ಈ ಯೋಚನೆಯೇ ಇಲ್ಲ. ಕಲಿಯುವವರಿಗೆ ಒಳ್ಳೆಯದೂ ಅದೇ: ಬೆಲೆ ಕಡಿಮೆ, ಎಳೆ ಗಟ್ಟಿ, ಸೋಪಿನಲ್ಲಿ ತೊಳೆದರೆ ಬೇಗ ಒಣಗುತ್ತದೆ.

ಬಿಡಿ ಬ್ರಷ್ ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಮುಂಗುಸಿ ಕೂದಲಿನ ಬ್ರಷ್ ಒಳ್ಳೆಯದೆಂದು ಕೆಲವರು ಹೇಳುವುದುಂಟು. ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರಕ್ಷಿತ ಪ್ರಾಣಿ. ಅದರ ಕೂದಲಿನ ಬ್ರಷ್ ಮಾರುವುದು ಅಪರಾಧ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ‘ಆಪರೇಷನ್ ಕ್ಲೀನ್ ಆರ್ಟ್’ ಎಂಬ ಹೆಸರಿನಲ್ಲಿ ಹಲವು ರಾಜ್ಯಗಳಲ್ಲಿ ಇಂತಹ ಬ್ರಷ್‌ಗಳಿಗಾಗಿ ದಾಳಿ ನಡೆಸಿತ್ತು. ತುದಿ ಕಂದು, ನಡುವೆ ತಿಳಿ ಬಣ್ಣ ಇರುವ ನೈಜ ಕೂದಲಿನ ಬ್ರಷ್ ಕಂಡರೆ ಕೊಳ್ಳಬೇಡಿ.

ಅಂಗಡಿಯಲ್ಲೇ ಪರೀಕ್ಷಿಸಿ

ಕಮರ್ಷಿಯಲ್ ಸ್ಟ್ರೀಟ್ ಎಂದರೆ ಬರೀ ದೊಡ್ಡ ಬೀದಿಯಲ್ಲ. ಕಾಮರಾಜ ರಸ್ತೆಯ ಕಡೆಯಿಂದ ಒಳಹೊಕ್ಕು ಇಬ್ರಾಹಿಂ ಸಾಹೇಬ್ ಬೀದಿ, ಜುಮ್ಮಾ ಮಸೀದಿ ರಸ್ತೆ, ನಾರಾಯಣ ಪಿಳ್ಳೈ ಬೀದಿಗಳ ಕಡೆಗೂ ಒಂದು ಸುತ್ತು ಹಾಕಿ. ಒಂದೇ ಬಗೆಯ ಸೆಟ್‌ಗೆ ಎರಡು ಮೂರು ಕಡೆ ಬೆಲೆ ಕೇಳಿ, ಆಮೇಲೆ ಚೌಕಾಸಿ ಮಾಡಿ. ಸಂಜೆಯ ನೂಕುನುಗ್ಗಲಿಗಿಂತ ಬೆಳಗ್ಗೆ ಅಂಗಡಿ ತೆರೆದ ಹೊತ್ತು ಒಳ್ಳೆಯದು. ಅಂಗಡಿಯವರಿಗೆ ಪ್ಯಾಕೆಟ್ ಬಿಚ್ಚಿ ತೋರಿಸುವಷ್ಟು ಪುರುಸೊತ್ತು ಇರುತ್ತದೆ.

ಬಿಚ್ಚಿಸಿ ಮೂರು ವಿಷಯ ನೋಡಿ. ಕೂದಲನ್ನು ಬೆರಳಿನಿಂದ ಮೆಲ್ಲನೆ ಎರಡು ಸಲ ಎಳೆಯಿರಿ. ಒಂದೆರಡು ಎಳೆ ಬಂದರೆ ಪರವಾಗಿಲ್ಲ, ನಾಲ್ಕೈದು ಬಂದರೆ ಬೇಡ ಎನ್ನಿ. ಕೂದಲನ್ನು ಹಿಡಿದಿರುವ ಲೋಹದ ಪಟ್ಟಿಯನ್ನು ತಿರುಗಿಸಿ ನೋಡಿ. ಅಲುಗಾಡಿದರೆ ಅಂಟು ಸರಿಯಿಲ್ಲ, ರಿಮೂವರ್ ತಾಗಿದೊಡನೆ ಬಿಚ್ಚಿಕೊಳ್ಳುತ್ತದೆ. ಕೊನೆಗೆ, ನಿಮ್ಮ ಕುಡಿಯುವ ನೀರಿನ ಒಂದು ಹನಿಯಲ್ಲಿ ಲೈನರ್ ತುದಿ ಅದ್ದಿ ಅಂಗೈಯ ಮೇಲೆ ಎಳೆಯಿರಿ. ತುದಿ ಒಂದಾಗಿ ಕೂಡಿದರೆ ಸರಿ. ಎರಡಾಗಿ ಸೀಳಿಕೊಂಡರೆ ಅದರಿಂದ ಗೆರೆ ಬರುವುದಿಲ್ಲ. ಹೊಸ ಬ್ರಷ್‌ಗಳಿಗೆ ಗಂಜಿಯಂತಹ ಅಂಟು ಹಾಕಿ ತುದಿ ಚೂಪು ಮಾಡಿರುತ್ತಾರೆ. ಒಣಗಿದ ಬ್ರಷ್‌ನ ಚೂಪು ನೋಡಿ ಮರುಳಾಗಬಾರದು.

ಬ್ರಷ್‌ನಲ್ಲಿ ಉಳಿಸಿದ ದುಡ್ಡನ್ನು ಪಾಲಿಶ್‌ಗೆ ಹಾಕಿ. ಬಣ್ಣದ ವಿಷಯದಲ್ಲಿ ಅಗ್ಗ ಹುಡುಕಬೇಡಿ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ನೇಲ್ ಪಾಲಿಶ್‌ನ ಲೇಬಲ್‌ನಲ್ಲಿ ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಬಳಸಬಹುದಾದ ಅವಧಿ, ತಯಾರಿಕಾ ಪರವಾನಗಿ ಸಂಖ್ಯೆ ಇರಬೇಕು. ಹೊರದೇಶದ್ದಾದರೆ ಆಮದುದಾರರ ಹೆಸರು ಮತ್ತು ನೋಂದಣಿ ಸಂಖ್ಯೆ ಇರಬೇಕು. ಇವು ಯಾವುವೂ ಇಲ್ಲದ ಬಾಟಲಿ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ.

ಮನೆಯಲ್ಲಿ ಮೊದಲ ದಿನ

ಹೊಸ ಬ್ರಷ್‌ಗಳನ್ನು ಉಗುರುಬೆಚ್ಚನೆ ನೀರು ಮತ್ತು ಸೋಪಿನಲ್ಲಿ ತೊಳೆದು ಅಂಟು ಬಿಡಿಸಿ. ಮೊದಲ ದಿನ ಉಗುರಿಗೆ ಕೈ ಹಾಕಬೇಡಿ. ಮಿಠಾಯಿ ಡಬ್ಬದ ಪ್ಲಾಸ್ಟಿಕ್ ಮುಚ್ಚಳ ಅಥವಾ ಪಾರದರ್ಶಕ ಹಾಳೆಯ ಮೇಲೆ ಉಗುರಿನ ಆಕಾರ ಬರೆದು ಅದರೊಳಗೆ ಅಭ್ಯಾಸ ಮಾಡಿ. ಇದಕ್ಕೆ ಮಕ್ಕಳ ಅಕ್ರಿಲಿಕ್ ಬಣ್ಣ ಸಾಕು, ಒಣಗುವ ಮುನ್ನ ನೀರಿನಲ್ಲೇ ತೊಳೆದುಹೋಗುತ್ತದೆ, ರಿಮೂವರ್ ವಾಸನೆಯೂ ಇಲ್ಲ. ಒಂದೇ ದಪ್ಪದ ಹತ್ತು ಗೆರೆ, ಒಂದೇ ಗಾತ್ರದ ಹತ್ತು ಚುಕ್ಕಿ ಬಂದ ದಿನ ಮುಂದಿನ ಹೆಜ್ಜೆ ಇಡಿ.

ಆಮೇಲೆ ಪ್ಲಾಸ್ಟಿಕ್ ಉಗುರುಗಳು. ಅವನ್ನು ಎರಡು ಬದಿ ಅಂಟುವ ಟೇಪ್‌ನಿಂದ ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿಕೊಂಡು ಚಿತ್ರ ಬಿಡಿಸಿ. ಅವನ್ನು ತೊಡುವ ಬಗ್ಗೆ ವಿದ್ವಾಂಸರಲ್ಲಿ ಆಕ್ಷೇಪ ಎತ್ತಿದವರಿದ್ದಾರೆ, ಆ ತೀರ್ಮಾನ ನಿಮ್ಮ ಮನೆಗೆ ಬಿಟ್ಟದ್ದು. ಕಲಿಯಲಂತೂ ಇದಕ್ಕಿಂತ ಒಳ್ಳೆಯ ಹಲಗೆಯಿಲ್ಲ. ಅಂಟುವ ಗಮ್ ಮಾತ್ರ ನಿಜವಾದ ಉಗುರಿಗೆ ತಾಗಿಸಬೇಡಿ, ಕೀಳುವಾಗ ಉಗುರಿನ ಮೇಲ್ಪದರವೂ ಎದ್ದುಬರುತ್ತದೆ.

ಬ್ರಷ್ ಹಿಡಿಯುವಾಗ ಮಣಿಕಟ್ಟು ಮೇಜಿನ ಮೇಲಿರಲಿ, ಕಿರುಬೆರಳು ಆಸರೆಯಾಗಿ ಊರಿರಲಿ. ಪಾಲಿಶ್‌ನ ಒಂದು ಹನಿಯನ್ನು ಹಾಳೆಯ ಮೇಲೆ ಹಾಕಿಕೊಂಡು ಅದರಿಂದ ತೆಗೆದುಕೊಳ್ಳಿ. ತಳದ ಬಣ್ಣ ಪೂರ್ತಿ ಒಣಗುವ ಮುನ್ನ ಚಿತ್ರ ಬಿಡಿಸಿದರೆ ಎರಡೂ ಕಲಸಿಹೋಗುತ್ತವೆ.

ಈದ್‌ಗೆ ಒಂದು ಸುಲಭ ಚಿತ್ರ: ಗಾಢ ನೀಲಿಯ ಮೇಲೆ ಬೆಳ್ಳಿ ಬಣ್ಣದ ಒಂದು ದೊಡ್ಡ ಚುಕ್ಕಿ ಇಡಿ. ಒಣಗಿದ ಮೇಲೆ ಅದರ ಒಂದು ಪಕ್ಕಕ್ಕೆ ಸರಿದಂತೆ ಅದೇ ನೀಲಿಯ ಸ್ವಲ್ಪ ಸಣ್ಣ ಚುಕ್ಕಿ ಇಡಿ. ಉಳಿಯುವುದೇ ಬಾಲಚಂದ್ರ.

ಮೆಹಂದಿಯಲ್ಲಿ ಬಿಡಿಸುವ ಕ್ರಮ

ಉಗುರಿನಲ್ಲಿ ಎಣ್ಣೆ, ಪಾಲಿಶ್ ಇರದಂತೆ ತೊಳೆದು ಒರೆಸಿ. ತೆಳು ಬಟ್ಟೆಯಲ್ಲಿ ಸೋಸಿದ ನುಣುಪಾದ ಮೆಹಂದಿಯನ್ನು ಲೈನರ್‌ನಿಂದ ದಪ್ಪಗೆ ಹಚ್ಚಿ ಗೆರೆ, ಎಲೆ, ಚುಕ್ಕಿ ಬಿಡಿಸಿ. ಕೆಲವು ಗಂಟೆ ಬಿಟ್ಟು ಉದುರಿಸಿ, ಉಗುರಿನ ಮೇಲೆ ಚೂರೂ ಉಳಿಯದಂತೆ ತೊಳೆಯಿರಿ. ಈಗ ಪದರವಿಲ್ಲ, ಬಣ್ಣ ಮಾತ್ರ ಇದೆ. ಚರ್ಮದ ಮೇಲಿನ ಮೆಹಂದಿ ಒಂದೆರಡು ವಾರದಲ್ಲಿ ಮಾಸುತ್ತದೆ. ಉಗುರಿನದು ಹಾಗಲ್ಲ, ಉಗುರು ಬೆಳೆದಂತೆ ಮುಂದಕ್ಕೆ ಸಾಗುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಆದ್ದರಿಂದ ತಪ್ಪು ಗೆರೆಯೂ ತಿಂಗಳುಗಟ್ಟಲೆ ಜೊತೆಗಿರುತ್ತದೆ. ಅಭ್ಯಾಸ ಮುಗಿಸಿಯೇ ಇದಕ್ಕೆ ಕೈ ಹಾಕಿ.

ಮೆಹಂದಿ ಅಪ್ಪಟವಾಗಿರಬೇಕು. ಹತ್ತು ನಿಮಿಷದಲ್ಲಿ ಕಪ್ಪಾಗುವ ಕೋನ್ ಮೆಹಂದಿ ಎಲೆಯದ್ದಾಗಿರಲಾರದು. ಅದರಲ್ಲಿ ಕೂದಲ ಬಣ್ಣಕ್ಕೆ ಬಳಸುವ ಪಿಪಿಡಿ ಎಂಬ ರಾಸಾಯನಿಕ ಇರುವ ಸಂಭವವಿದೆ. ಅದು ಚರ್ಮದಲ್ಲಿ ಗುಳ್ಳೆ ಎಬ್ಬಿಸಬಹುದು, ಮುಂದೆ ಜೀವನಪೂರ್ತಿ ಕೂದಲ ಬಣ್ಣಕ್ಕೆ ಅಲರ್ಜಿ ಉಳಿಸಬಹುದು. ಒಣಗಿದ ಮೇಲೆ ಸಿಪ್ಪೆಯಂತೆ ಎದ್ದು ಬರುವ ‘ಇನ್‌ಸ್ಟಂಟ್’ ಕೋನ್‌ಗಳೂ ಬೇಡ, ಅವು ಪದರ ಕಟ್ಟುತ್ತವೆ. ಹಸುಗೂಸುಗಳಿಗೆ ಅಪ್ಪಟ ಮೆಹಂದಿಯನ್ನೂ ಹಚ್ಚಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದರಿಂದ ರಕ್ತಕಣಗಳು ಒಡೆಯುವ ಅಪಾಯವಿದೆ.

ತುಟಿಗೆ ತಾಗಿಸಬೇಡಿ

ಬ್ರಷ್ ತುದಿ ಸೀಳಿಕೊಂಡರೆ ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸ ಮಕ್ಕಳಲ್ಲಿ ತುಂಬ ಕಾಣುತ್ತದೆ. ಇದನ್ನು ಮೊದಲ ದಿನವೇ ತಡೆಯಿರಿ. ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದಲ್ಲಿ, ಕತ್ತಲಲ್ಲಿ ಹೊಳೆಯುವ ಗಡಿಯಾರದ ಅಂಕಿಗಳನ್ನು ಬರೆಯಲು ಹುಡುಗಿಯರನ್ನು ನೇಮಿಸಿಕೊಂಡಿದ್ದರು. ಬ್ರಷ್ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳಿ ಎಂದು ಅವರಿಗೆ ಕಲಿಸಲಾಗಿತ್ತು. ಆ ಬಣ್ಣದಲ್ಲಿ ರೇಡಿಯಂ ಇತ್ತು. ಹುಡುಗಾಟಕ್ಕೆ ಅದನ್ನೇ ಉಗುರಿಗೆ ಹಚ್ಚಿಕೊಂಡವರೂ ಇದ್ದರು. ಕೆಲವು ವರ್ಷಗಳಲ್ಲಿ ಅವರ ಹಲ್ಲು ಉದುರಿ ದವಡೆ ಮೂಳೆ ಕೊಳೆಯಿತು, ಹಲವರು ಸತ್ತರು. ಐವರು ಮಹಿಳೆಯರು ಹೂಡಿದ್ದ ಮೊಕದ್ದಮೆ 1928ರಲ್ಲಿ ಪರಿಹಾರದೊಂದಿಗೆ ಇತ್ಯರ್ಥವಾಯಿತು.

ಇಂದಿನ ನೇಲ್ ಪಾಲಿಶ್‌ನಲ್ಲಿ ರೇಡಿಯಂ ಇಲ್ಲ. ಆದರೂ ಅದರ ರಾಳ, ದ್ರಾವಕ, ಬಣ್ಣ ಯಾವುದೂ ಹೊಟ್ಟೆಗೆ ಹೋಗುವ ವಸ್ತುವಲ್ಲ. ತುದಿಯನ್ನು ಟಿಶ್ಯೂವಿನ ಮೇಲೆ ಉರುಳಿಸಿ, ಬೆರಳಿನಿಂದ ಚೂಪು ಮಾಡಿ.

ತೊಳೆಯುವುದು, ಇಡುವುದು

ಸಣ್ಣ ಸ್ಟೀಲ್ ಅಥವಾ ಗಾಜಿನ ಬಟ್ಟಲಲ್ಲಿ ಕೆಲವೇ ಹನಿ ರಿಮೂವರ್ ಹಾಕಿ. ಥರ್ಮೋಕೋಲ್ ಲೋಟ ಬೇಡ, ಅಸಿಟೋನ್ ಅದನ್ನು ಕರಗಿಸುತ್ತದೆ. ಕೂದಲ ತುದಿಯನ್ನು ಮಾತ್ರ ಅದ್ದಿ ಟಿಶ್ಯೂವಿನಲ್ಲಿ ಒರೆಸಿ. ಲೋಹದ ಪಟ್ಟಿಯವರೆಗೆ ಮುಳುಗಿಸಿದರೆ ಒಳಗಿನ ಅಂಟು ಕರಗಿ ಕೂದಲು ಉದುರುತ್ತದೆ. ಕಡಿಮೆ ಬೆಲೆಯ ಬ್ರಷ್‌ಗಳು ಬೇಗ ಕೆಡುವುದು ಹೆಚ್ಚಾಗಿ ಹೀಗೆಯೇ. ಬಳಿಕ ಸೋಪಿನಲ್ಲಿ ತೊಳೆದು, ಮಲಗಿಸಿ ಒಣಗಿಸಿ, ಟೋಪಿ ಹಾಕಿಡಿ.

ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ. ಅಡುಗೆಮನೆಯಲ್ಲಿ, ಸೊಳ್ಳೆ ಬತ್ತಿಯ ಪಕ್ಕದಲ್ಲಿ, ಲೋಬಾನ ಹಾಕಿದ ಹೊತ್ತಿನಲ್ಲಿ ಬಾಟಲಿ ತೆರೆಯಬೇಡಿ. ಕಿಟಕಿ ತೆರೆದಿರಲಿ. ಪುಟ್ಟ ಮಕ್ಕಳು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ. ಪಾಲಿಶ್ ತೆಗೆದ ಮೇಲೆ ಕೈ ತೊಳೆದು, ನಮಾಝ್ ಮುಗಿದ ಬಳಿಕ ಉಗುರಿನ ಬುಡಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ಉಜ್ಜಿ.

ಅಕ್ಕತಂಗಿಯರಾದರೂ ಬ್ರಷ್ ಬೇರೆ ಬೇರೆ ಇರಲಿ. ಉಗುರುಸುತ್ತು ಅಥವಾ ಉಗುರಿನ ಫಂಗಸ್ ಇರುವವರಿಗೆ ಬಳಸಿದ ಬ್ರಷ್ ಇನ್ನೊಬ್ಬರ ಉಗುರಿಗೆ ತಾಗಬಾರದು. ಉಗುರಿನ ಬುಡದಲ್ಲಿರುವ ತೆಳು ಚರ್ಮವನ್ನು ಕತ್ತರಿಸಬೇಡಿ. ರೋಗಾಣು ಒಳಹೋಗದಂತೆ ತಡೆಯುವ ಬಾಗಿಲು ಅದು. ಚಿತ್ರಕ್ಕಾಗಿ ಉಗುರು ಉದ್ದ ಬಿಡಬೇಕಾಗಿಯೂ ಇಲ್ಲ. ಉಗುರು ಕತ್ತರಿಸಲು ಪ್ರವಾದಿ(ಸ) ಅವರ ಕಾಲದಲ್ಲಿ ಗೊತ್ತುಪಡಿಸಿದ ಗರಿಷ್ಠ ಅವಧಿ 40 ದಿನ. ಹಿಟ್ಟು ನಾದುವ, ಮಗುವಿಗೆ ತುತ್ತು ಕೊಡುವ ಕೈಗೆ ವಾರಕ್ಕೊಮ್ಮೆ ಕತ್ತರಿಸುವುದೇ ಲೇಸು. ಗಿಡ್ಡ ಉಗುರಿನ ಮೇಲೂ ಐದು ಚುಕ್ಕಿಯ ಹೂವು ಚೆನ್ನಾಗಿಯೇ ಕಾಣುತ್ತದೆ.

ಜೆಲ್ ಕಿಟ್ ಮನೆಗೆ ಬೇಡ

ಬ್ರಷ್ ಕೊಳ್ಳುವಾಗ ಪುಟ್ಟ ದೀಪದೊಂದಿಗೆ ಬರುವ ಜೆಲ್ ಪಾಲಿಶ್ ಕಿಟ್‌ಗಳನ್ನೂ ತೋರಿಸುತ್ತಾರೆ. ಅದನ್ನು ತೆಗೆಯಲು ಅಸಿಟೋನ್‌ನಲ್ಲಿ ನೆನೆಸಿ ಕೆರೆಯಬೇಕು, ಹಾಗಾಗಿ ವುಝೂವಿಗೆ ಹೊಂದುವುದೇ ಇಲ್ಲ. ಆರೋಗ್ಯದ ಕಾರಣ ಇನ್ನೂ ದೊಡ್ಡದು. ಪೂರ್ತಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಿದರೆ ಅದರಲ್ಲಿರುವ ಮೆಥಾಕ್ರಿಲೇಟ್‌ಗಳಿಗೆ ಅಲರ್ಜಿ ಹುಟ್ಟಬಹುದು, ಅದು ಸಾಮಾನ್ಯವಾಗಿ ಹೋಗುವುದಿಲ್ಲ. ಇದೇ ಗುಂಪಿನ ರಾಸಾಯನಿಕಗಳು ಹಲ್ಲು ತುಂಬಿಸುವ ಸಾಮಗ್ರಿಯಲ್ಲಿ, ಮೂಳೆ ಶಸ್ತ್ರಚಿಕಿತ್ಸೆಯ ಸಿಮೆಂಟಿನಲ್ಲಿ ಇರುತ್ತವೆ. ಇಂದಿನ ಅಲಂಕಾರ ಮುಂದಿನ ಚಿಕಿತ್ಸೆಗೆ ಅಡ್ಡಬರಬಹುದು. ಬ್ರಿಟನ್ನಿನ ಚರ್ಮವೈದ್ಯರ ಸಂಘ ಮನೆಯಲ್ಲಿ ಬಳಸುವ ಕಿಟ್‌ಗಳ ಬಗ್ಗೆ ಎಚ್ಚರಿಕೆ ನೀಡಿದೆ. ಜೆಲ್ ಗಟ್ಟಿಯಾಗಿಸಲು ಬಳಸುತ್ತಿದ್ದ ಟಿಪಿಒ ಎಂಬ ವಸ್ತುವನ್ನು ಐರೋಪ್ಯ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ.

ವೈದ್ಯರನ್ನು ಯಾವಾಗ ಕಾಣಬೇಕು?

ಉಗುರಿನ ಸುತ್ತ ಕೆಂಪಾಗಿ ಕೀವು ತುಂಬಿದರೆ, ಉಗುರು ಹಳದಿಯಾಗಿ ದಪ್ಪಗಾಗಿ ಪುಡಿಯಾಗುತ್ತಿದ್ದರೆ, ಹಸಿರು ಬಣ್ಣ ಕಂಡರೆ, ಬುಡದಿಂದ ಬಿಟ್ಟುಕೊಂಡರೆ, ಕಪ್ಪು ಗೆರೆಯೊಂದು ಮೂಡಿ ಅಗಲವಾಗುತ್ತಿದ್ದರೆ ಪಾಲಿಶ್ ಹಚ್ಚಿ ಮುಚ್ಚಬೇಡಿ. ಸಕ್ಕರೆ ಕಾಯಿಲೆ ಇರುವವರು ಒಂದು ದಿನವೂ ತಡಮಾಡಬಾರದು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಂತಹ ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ. ಆಪರೇಷನ್‌ಗೆ ಹೋಗುವವರು ಪಾಲಿಶ್ ತೆಗೆದೇ ಹೋಗಿ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಯಂತ್ರದ ಲೆಕ್ಕ ಗಾಢ ಬಣ್ಣದಿಂದ ತಪ್ಪಬಹುದು.

ಹಾಗಾದರೆ ಮುಂದಿನ ಸಲ ಪೇಟೆಗೆ ಹೋಗುವಾಗ ಚೀಟಿಯಲ್ಲಿ ಬರೆದುಕೊಳ್ಳಬೇಕಾದದ್ದು ಇಷ್ಟು: ನೈಲಾನ್ ಲೈನರ್ ಒಂದು, ಸಣ್ಣ ಚಪ್ಪಟೆ ಬ್ರಷ್ ಒಂದು, ಚುಕ್ಕಿ ಕಡ್ಡಿ ಒಂದು ಅಥವಾ ಮನೆಯ ಹಳೆಯ ಪೆನ್, ಲೇಬಲ್ ಸರಿಯಿರುವ ಎರಡು ಬಣ್ಣ, ಅಪ್ಪಟ ಮೆಹಂದಿ ಪುಡಿ. ಮಗಳಿಗೆ ಕೊಡಿಸಿದ ಮೇಲೆ ಮೊದಲ ದಿನ ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ. ಝುಹರ್ ಮುಗಿಸಿ ಕೂತರೆ ಅಸರ್‌ನ ಬಾಂಗ್‌ವರೆಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಹತ್ತು ಗೆರೆ ಎಳೆಯಲು ಬೇಕಾದಷ್ಟು ಸಮಯವಿದೆ.